ಅಪ್‌ಡೇಟ್: ಆಕ್ಟಿವಿಟಿ ಡೈರೆಕ್ಟರ್ ಕೋರ್ಸ್ ಮುಗೀತು

ಅಮೆರಿಕದ ಡಿಗ್ರಿ ಇಲ್ಲದೆ ಕ್ಯಾಲಿಫೋರ್ನಿಯಾದ ನರ್ಸಿಂಗ್ ಹೋಮ್‌ನಲ್ಲಿ (ವಯಸ್ಸಾದವರು, ಅಶಕ್ತರು ಉಳಿಯುವ ಆರೈಕೆ ಕೇಂದ್ರ) ಆಕ್ಟಿವಿಟಿ ಡೈರೆಕ್ಟರ್, ಅಂದರೆ ಅಲ್ಲಿರುವವರ ಆಟ-ಚಟುವಟಿಕೆ ನೋಡಿಕೊಳ್ಳುವವಳು, ಆಗಬಹುದಾ ಅಂತ ಕೇಳಿದ್ದೆನಲ್ಲ? ಆಗಬಹುದು.

ಫೆಡರಲ್ ನಿಯಮದಲ್ಲಿ ದಾರಿ ಒಂದೇ ಅಲ್ಲ. ಕಳೆದ 5 ವರ್ಷಗಳಲ್ಲಿ 2 ವರ್ಷದ ಅನುಭವ ಇದ್ದರೂ ಆಗುತ್ತದೆ (ಅದರಲ್ಲಿ 1 ವರ್ಷ ಪೂರ್ಣಾವಧಿ, ಚಿಕಿತ್ಸಕ ಚಟುವಟಿಕೆಗಳಲ್ಲೇ ಇರಬೇಕು), ಇಲ್ಲವೇ ರಾಜ್ಯ ಒಪ್ಪಿದ ತರಬೇತಿ ಸಾಕು. ಇಲ್ಲಿ ಅದು ಕನಿಷ್ಠ 36 ಗಂಟೆ. ನಾನು ಅದನ್ನೇ ಮುಗಿಸಿದೆ. ಈ ವೃತ್ತಿಯವರಿಗಾಗಿಯೇ ಇರುವ ರಾಷ್ಟ್ರೀಯ ಸಂಸ್ಥೆ ಎನ್‌ಸಿಸಿಎಪಿ ಕೊಡುವ ಸರ್ಟಿಫಿಕೇಟ್ ಬೇರೆಯದೇ ದಾರಿ, ಆಮೇಲೆ ನೋಡಿದರಾಯ್ತು.

ಕೆಲಸ ಬರೀ ಬಿಂಗೊ ಆಡಿಸೋದು ಅಂದುಕೊಂಡಿದ್ದೆ, ಪೆದ್ದಿ! ಅಲ್ಲಿರುವವರ ಆರೋಗ್ಯ, ಅಗತ್ಯಗಳನ್ನು ದಾಖಲಿಸುವ ಎಂಡಿಎಸ್ ಅನ್ನೋ ಫಾರ್ಮಿನ ಎಫ್ ಭಾಗಕ್ಕೆ (ಇಷ್ಟಾನಿಷ್ಟಗಳ ಭಾಗ) ಪ್ರತಿಯೊಬ್ಬರನ್ನೂ ಕೂತು ಕೇಳಬೇಕು: ಓದೋದು ಇಷ್ಟವಾ, ಸಂಗೀತವಾ, ಹೊರಗೆ ಗಾಳಿಗೆ ಹೋಗೋದಾ? ಹಾಗೆ ಕೇಳುತ್ತಾ ಕೇಳುತ್ತಾ ಒಬ್ಬ ಅಜ್ಜಿ ಬಿಂಗೊ ಬೇಡ ಅಂದರು. ಮನೆಯಿಂದ ಕವಡೆ ತಂದು ಚೌಕಾಬಾರ ಕಲಿಸಿದೆ. ನಿನ್ನೆ ನನ್ನನ್ನೇ ಸೋಲಿಸಿದರು.