ಎದೆಯ ಎಡಗಡೆ ನೋವು, ರಿಪೋರ್ಟ್ ಎಲ್ಲ ನಾರ್ಮಲ್. ನಿಮಗೂ ಹೀಗೆ ಆಗಿತ್ತಾ?

ಕೇಳಿದವರು: ಉಡುಪಿ, 27 ವರ್ಷ

ಎಲ್ಲರಿಗೂ ನಮಸ್ಕಾರ. ಮಣಿಪಾಲದಲ್ಲಿ ಕೆಲಸ, ದಿನವಿಡೀ ಕಂಪ್ಯೂಟರ್ ಮುಂದೆ. ಮಳೆಗಾಲ ಶುರುವಾದಾಗಿನಿಂದ ಎದೆಯ ಎಡಗಡೆ ಚುಳುಕ್ ಅಂತ ನೋವು ಬರುತ್ತಿದೆ. ಕೆಲವೊಮ್ಮೆ ಅರೆಗಳಿಗೆ ಬಂದು ಹೋಗುತ್ತದೆ, ಕೆಲವೊಮ್ಮೆ ಇಡೀ ದಿನ ಸಣ್ಣಗೆ ನೋಯುತ್ತಾ ಇರುತ್ತದೆ. ಇಸಿಜಿ, ಎಕೋ (ಹೃದಯದ ಸ್ಕ್ಯಾನ್) ಎರಡೂ ಮಾಡಿಸಿದೆ, ನಾರ್ಮಲ್ ಬಂತು. ಹಾರ್ಟಿನದ್ದಲ್ಲ ಅಂದರು ಡಾಕ್ಟರು. ಆದರೂ ರಾತ್ರಿ ಮಲಗಿದರೆ ಎದೆಬಡಿತವೇ ಕಿವಿಗೆ ಕೇಳಿಸುತ್ತದೆ, ನಿದ್ದೆ ಇಲ್ಲ. ಹಾಸನದ ಹಾರ್ಟ್ ಅಟ್ಯಾಕ್ ಸಾವುಗಳ ಸುದ್ದಿ ನೋಡಿದಾಗಿನಿಂದ ಅಮ್ಮನಿಗೂ ಹೆದರಿಕೆ, ಆಂಜಿಯೋಗ್ರಾಮ್ ಮಾಡಿಸಿಬಿಡು ಅಂತಿದ್ದಾರೆ. ಮಾಡಿಸಬೇಕಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಕಟಪಾಡಿಯಿಂದ, 31 ವರ್ಷ

ನೀವು ಬರೆದದ್ದು ಓದಿದಾಗ ನನ್ನದೇ ಕಥೆ ಅನಿಸಿತು. ನನಗೂ ಎಡಗಡೆಯೇ. ದೀರ್ಘ ಉಸಿರು ಎಳೆದರೆ ನೋವು, ಮಗ್ಗುಲು ಬದಲಿಸಿದರೆ ನೋವು, ಸೀನಿದರೆ ಅಂತೂ ಕಣ್ಣಲ್ಲಿ ನೀರು. ಡಾಕ್ಟರು ಇಸಿಜಿ ನೋಡಿ ಪಕ್ಕಕ್ಕಿಟ್ಟರು. ಆಮೇಲೆ ಒಂದೇ ಬೆರಳಲ್ಲಿ ಎದೆಮೂಳೆಯ ಅಂಚಿಗೆ, ಪಕ್ಕೆಲುಬು ಬಂದು ಸೇರುತ್ತದಲ್ಲ, ಅಲ್ಲಿ ಮೇಲಿನಿಂದ ಕೆಳಗೆ ಒಂದೊಂದೇ ಜಾಗ ಒತ್ತುತ್ತಾ ಬಂದರು. ಒಂದು ಕಡೆ ಒತ್ತಿದಾಗ ನಾನು ಅಮ್ಮಾ ಅಂತ ಮಂಚದಿಂದ ಎದ್ದೇ ಬಿಟ್ಟೆ. ‘ನೀವು ಹೇಳುವ ನೋವು ಇದೇ ಅಲ್ವಾ?’ ಅಂದರು. ಅದೇ ಆಗಿತ್ತು.

ಅದಕ್ಕೆ ಕಾಸ್ಟೋಕಾಂಡ್ರೈಟಿಸ್ ಅಂತಾರೆ. ಪಕ್ಕೆಲುಬಿನ ತುದಿಯಲ್ಲಿ ಇರುವ ಮೆದು ಎಲುಬಿನ ಉರಿಯೂತ, ಹೃದಯಕ್ಕೆ ಸಂಬಂಧವೇ ಇಲ್ಲ. ನಾನು ದಿನಾ ಬೈಕಿನಲ್ಲಿ ಹೆದ್ದಾರಿ 66ರಲ್ಲಿ ಮಂಗಳೂರಿಗೆ ಹೋಗಿ ಬರುವವನು, ಲ್ಯಾಪ್‌ಟಾಪ್ ಬ್ಯಾಗು ಒಂದೇ ಭುಜಕ್ಕೆ, ಅದರ ಮೇಲೆ ಜಿಮ್ಮಿನಲ್ಲಿ ಹೊಸದಾಗಿ ಬೆಂಚ್ ಪ್ರೆಸ್ ಬೇರೆ. ಸ್ವಲ್ಪ ದಿನ ನೋವಿನ ಮಾತ್ರೆ ಕೊಟ್ಟರು, ಬಿಸಿನೀರಿನ ಬ್ಯಾಗ್ ಇಡಲು ಹೇಳಿದರು, ಭಾರ ಎತ್ತುವುದು ನಿಲ್ಲಿಸಿದೆ. ಒಂದೇ ಸಲಕ್ಕೆ ಹೋಗುವುದಿಲ್ಲ ಇದು. ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ಬಂದು ಹೋಗಿ ಮಾಡುತ್ತದೆ. ಹಾಗೆ ಮತ್ತೆ ಬಂದಾಗಲೆಲ್ಲ ‘ಡಾಕ್ಟರಿಗೆ ಗೊತ್ತಾಗಲಿಲ್ಲವೇನೋ’ ಅಂತ ಅನುಮಾನ ಬರುವುದು ಸಹಜ.

ಒಂದು ಮಾತು. ಮನೆಯಲ್ಲೇ ಒತ್ತಿ ನೋಡಿ, ನೋಯ್ತು, ಹಾಗಾದರೆ ಹಾರ್ಟಲ್ಲ ಅಂತ ತೀರ್ಮಾನ ಮಾಡಬೇಡಿ. ನನ್ನ ಡಾಕ್ಟರು ಮೊದಲು ಇಸಿಜಿ ನೋಡಿ ಆಮೇಲೆಯೇ ಒತ್ತಿದ್ದು.

ಸುರತ್ಕಲ್‌ನಿಂದ, ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್

ಎಮರ್ಜೆನ್ಸಿಯಲ್ಲಿ ಕೆಲಸ ಮಾಡುತ್ತೇನೆ. ಎದೆನೋವು ಅಂತ ಬರುವ ಇಪ್ಪತ್ತು ಇಪ್ಪತ್ತೈದರ ಮಕ್ಕಳಲ್ಲಿ ಹೆಚ್ಚಿನವರದ್ದು ಸ್ನಾಯು, ಆಸಿಡಿಟಿ ಇಲ್ಲ ಗಾಬರಿ. ಆದರೆ ಅದನ್ನು ಹೇಳಬೇಕಾದ್ದು ಪರೀಕ್ಷೆ ಮಾಡಿದವರು, ಪಕ್ಕದ ಮನೆಯವರಲ್ಲ.

ಹೃದಯದ ನೋವು ಹೆಚ್ಚಾಗಿ ಚುಚ್ಚುವುದಿಲ್ಲ, ಒತ್ತುತ್ತದೆ, ಹಿಂಡುತ್ತದೆ. ಬೆರಳಿಟ್ಟು ‘ಇಲ್ಲೇ’ ಅಂತ ತೋರಿಸಲು ಆಗುವುದಿಲ್ಲ, ಜನ ಇಡೀ ಅಂಗೈಯನ್ನೇ ಎದೆಯ ನಡುವೆ ಇಟ್ಟು ತೋರಿಸುತ್ತಾರೆ. ಎಡಗೈ, ದವಡೆ, ಬೆನ್ನಿಗೆ ಹರಡಬಹುದು. ತಣ್ಣನೆ ಬೆವರು, ವಾಂತಿ, ಏದುಸಿರು. ಮೆಟ್ಟಿಲು ಹತ್ತುವಾಗ ಬಂದು, ನಿಂತರೆ ಕಡಿಮೆಯಾಗುವ ನೋವನ್ನು ಸಣ್ಣದು ಅಂತ ಬಿಡಲೇಬಾರದು. ಆಟ ಆಡುವಾಗ ಕಣ್ಣು ಕತ್ತಲೆ ಬಂದು ಬಿದ್ದರೆ, ಮನೆಯಲ್ಲಿ ಯಾರಾದರೂ ಸಣ್ಣ ಪ್ರಾಯದಲ್ಲೇ ಇದ್ದಕ್ಕಿದ್ದ ಹಾಗೆ ತೀರಿಕೊಂಡಿದ್ದರೆ ಅದನ್ನು ಡಾಕ್ಟರಿಗೆ ನೀವೇ ಹೇಳಿ, ಅವರು ಕೇಳಲಿ ಅಂತ ಕಾಯಬೇಡಿ.

ನೋವು ಜೋರಿರುವಾಗ ಮೊದಲ ಇಸಿಜಿ ನಾರ್ಮಲ್ ಬಂದರೂ ಕೆಲವರನ್ನು ಕೂರಿಸಿಕೊಳ್ಳುತ್ತೇವೆ. ಹೃದಯಾಘಾತದ ಶುರುವಿನಲ್ಲಿ ಇಸಿಜಿ ಏನೂ ತೋರಿಸದೆ ಇರಬಹುದು. ಅದಕ್ಕೇ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ತೆಗೆಯುವುದು, ಟ್ರೋಪೋನಿನ್ ಅಂತ ರಕ್ತ ಪರೀಕ್ಷೆ ಮಾಡುವುದು. ಹೃದಯದ ಸ್ನಾಯುವಿಗೆ ಪೆಟ್ಟು ಬಿದ್ದರೆ ಅದು ಕೆಲವು ಗಂಟೆಯೊಳಗೆ ರಕ್ತದಲ್ಲಿ ಏರುತ್ತದೆ. ಹಣಕ್ಕಾಗಿ ಕೂರಿಸಿದರು ಅಂತ ಸಹಿ ಹಾಕಿ ಎದ್ದು ಹೋಗುವವರನ್ನು ಕಂಡರೆ ನನಗೆ ನಿಜಕ್ಕೂ ಸಂಕಟ ಆಗುತ್ತದೆ.

ಆಂಜಿಯೋಗ್ರಾಮ್ ಬಗ್ಗೆ ಅಮ್ಮನಿಗೆ ಹೀಗೆ ಹೇಳಿ. ಅದರಲ್ಲಿ ಮಣಿಕಟ್ಟು ಅಥವಾ ತೊಡೆಸಂದಿನ ರಕ್ತನಾಳದಿಂದ ಹೃದಯದವರೆಗೆ ನಳಿಕೆ ಕಳಿಸಿ, ಡೈ ಬಿಟ್ಟು, ರಕ್ತನಾಳದಲ್ಲಿ ಬ್ಲಾಕ್ ಇದೆಯಾ ಅಂತ ಎಕ್ಸ್‌ರೇಯಲ್ಲಿ ನೋಡುತ್ತಾರೆ. ಸಮಾಧಾನಕ್ಕೆ ಮಾಡಿಸುವ ಪರೀಕ್ಷೆ ಅಲ್ಲ. ನಡೆದಾಗ, ಓಡಿದಾಗ ನೋವು ಬರುವುದಾದರೆ ಮೊದಲು ಟಿಎಂಟಿ, ಅಂದರೆ ಟ್ರೆಡ್‌ಮಿಲ್ ಮೇಲೆ ನಡೆಸುತ್ತಾ ಇಸಿಜಿ ನೋಡುವ ಪರೀಕ್ಷೆ, ಬೇಕಾ ಅಂತ ಕೇಳಿ.

ಹಾಸನದ್ದೂ ಹೇಳುತ್ತೇನೆ. 2025ರ ಜೂನ್, ಜುಲೈಯಲ್ಲಿ ಅಲ್ಲಿ ಸಾಲುಸಾಲು ಸಾವುಗಳ ಸುದ್ದಿ ಬಂದಾಗ ಸರ್ಕಾರ ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕರ ನೇತೃತ್ವದಲ್ಲಿ ಸಮಿತಿ ಮಾಡಿತ್ತು. ತೀರಿಕೊಂಡವರಲ್ಲಿ ಹಲವರಿಗೆ ಬಿಪಿ, ಶುಗರ್, ಸಿಗರೇಟು, ಕುಡಿತ, ಇಂಥದ್ದು ಒಂದಲ್ಲ ಒಂದು ಇತ್ತು ಅಂತ ವರದಿ ಬಂತು. ಹಾಗಾಗಿ ಬಿಪಿ, ಶುಗರ್, ಕೊಲೆಸ್ಟ್ರಾಲ್ ಒಮ್ಮೆ ನೋಡಿಸಿ. ಟಿವಿ ನೋಡುವುದು ಕಡಿಮೆ ಮಾಡಿ.

ಬಿ.ಸಿ. ರೋಡ್‌ನಿಂದ

ನಾನು ಇನ್ನೊಂದು ಬದಿಯದ್ದು ಹೇಳಬೇಕು. ನನ್ನ ಅಣ್ಣನಿಗೆ ಆಗ 36. ರಾತ್ರಿ ಕೋರಿ ರೊಟ್ಟಿ ಊಟ ಆಗಿತ್ತು, ಆಮೇಲೆ ಎದೆ ಬಿಗಿ ಅಂದ. ಮನೆಯಲ್ಲಿ ಎಲ್ಲರೂ ಗ್ಯಾಸ್ಟ್ರಿಕ್ ಅಂದರು. ಜೀರಿಗೆ ಕಷಾಯ ಆಯ್ತು, ಸೋಡಾ ಆಯ್ತು. ಅತ್ತಿಗೆ ಮಾತ್ರ ಫ್ಯಾನ್ ಕೆಳಗೆ ಕೂತವನ ಬನಿಯನ್ ಒದ್ದೆಯಾದದ್ದು ನೋಡಿ, ಇದು ಗ್ಯಾಸ್ ಅಲ್ಲ ಅಂತ ಹಟ ಹಿಡಿದು ಹೊರಡಿಸಿದರು. ಹತ್ತಿರದ ಆಸ್ಪತ್ರೆಯಲ್ಲಿ ಇಸಿಜಿ ತೆಗೆದರು, ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟು ಮಂಗಳೂರಿಗೆ ಕಳಿಸಿದರು, ಸ್ಟೆಂಟ್ ಹಾಕಿದರು. ಈಗ ಚೆನ್ನಾಗಿದ್ದಾನೆ. ಸಿಗರೇಟು ಇತ್ತು, ಅಪ್ಪನಿಗೂ ಐವತ್ತರ ಒಳಗೇ ಹಾರ್ಟ್ ಅಟ್ಯಾಕ್ ಆಗಿತ್ತು.

ಆ ಇಂಜೆಕ್ಷನ್ ಹೆಸರು ಟೆನೆಕ್ಟೆಪ್ಲೇಸ್, ದುಬಾರಿ ಮದ್ದು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಗೆ ಸೇರಿದ ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿಯೂ ಉಚಿತ, ಇದೂ ಉಚಿತ. ನಮ್ಮ ಕಡೆ ಹಳ್ಳಿಯ ಕ್ಲಿನಿಕ್‌ಗಳಿಗೂ ಇಸಿಜಿ ಮೆಷಿನ್ ಬಂದಿದೆ. ಮಂಗಳೂರಿನ ಡಾ. ಪದ್ಮನಾಭ ಕಾಮತ್ ಅವರು ಮನೆಬಾಗಿಲಿಗೆ ಹೃದಯ ಚಿಕಿತ್ಸೆ ಅಂತ ಊರೂರಿಗೆ ಮೆಷಿನ್ ಕೊಡಿಸಿ, ವಾಟ್ಸಾಪಿನಲ್ಲಿ ಬಂದ ಇಸಿಜಿ ನೋಡಿ ಹೇಳುವ ವ್ಯವಸ್ಥೆ ಮಾಡಿದ್ದಾರಲ್ಲ, ಅದು ದೊಡ್ಡ ಉಪಕಾರ. ಮತ್ತೆ, ಅಂಥ ಹೊತ್ತಲ್ಲಿ ನೋವಿರುವವರೇ ಬೈಕ್ ಓಡಿಸಿಕೊಂಡು ಹೋಗಬಾರದು. 108ಕ್ಕೆ ಫೋನ್ ಮಾಡಿ, ಇಲ್ಲ ಯಾರಾದರೂ ಕರೆದುಕೊಂಡು ಹೋಗಿ.

ಕಂಕನಾಡಿಯಿಂದ, 24 ವರ್ಷ

ರಾತ್ರಿ ಎದೆಬಡಿತ ಕೇಳಿಸುತ್ತದೆ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನನಗೆ ಮಂಗಳೂರಿನ ಸಿಟಿ ಬಸ್ಸಿನಲ್ಲಿ ಜ್ಯೋತಿ ಸರ್ಕಲ್ ಹತ್ತಿರ ಶುರುವಾಯಿತು. ಎದೆ ಡಬಡಬ, ಬೆರಳ ತುದಿಯೆಲ್ಲ ಜುಮುಜುಮು, ಉಸಿರು ಸಾಲುತ್ತಿಲ್ಲ, ಇವತ್ತು ಸತ್ತೇ ಹೋಗುತ್ತೇನೆ ಅನಿಸಿತು. ಹಂಪನಕಟ್ಟೆಯಲ್ಲಿ ಇಳಿದು ಸೀದಾ ಆಸ್ಪತ್ರೆಗೆ ಹೋದೆ. ಇಸಿಜಿ ಸರಿ ಇತ್ತು. ಥೈರಾಯ್ಡ್, ಹಿಮೋಗ್ಲೋಬಿನ್ ನೋಡಿದರು, ಅದೂ ಸರಿ. ಕೊನೆಗೆ ಪ್ಯಾನಿಕ್ ಅಟ್ಯಾಕ್ ಅಂದರು. ಅದು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಆಮೇಲೆ ಇಳಿಯುತ್ತದೆ.

ಸುಮ್ನೆ ಹೆದರಬೇಡ ಅಂತ ಎಲ್ಲರೂ ಹೇಳುತ್ತಾರೆ, ಅದರಿಂದ ಏನೂ ಆಗುವುದಿಲ್ಲ. ನೋವು ಸುಳ್ಳಲ್ಲ. ನನಗೆ ಉಪಯೋಗ ಆದದ್ದು ಕೌನ್ಸೆಲಿಂಗ್, ಮತ್ತೆ ಉಸಿರು ನಿಧಾನವಾಗಿ ಬಿಡುವ ಅಭ್ಯಾಸ. ದಿನಕ್ಕೆ ನಾಲ್ಕೈದು ಸಲ ನಾಡಿ ಹಿಡಿದು ನೋಡುವುದು, ವಾಚಿನಲ್ಲಿ ಹಾರ್ಟ್‌ರೇಟ್ ನೋಡುವುದು ಬಿಟ್ಟೆ. ವಾಚನ್ನೇ ತೆಗೆದಿಟ್ಟೆ. ಕೂಡಲೇ ಯಾರ ಹತ್ತಿರವಾದರೂ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಉಂಟು, 14416, ಕನ್ನಡದಲ್ಲೇ ಮಾತಾಡುತ್ತಾರೆ.

ಮಲ್ಪೆಯಿಂದ

ಚರ್ಮವನ್ನೂ ನೋಡಿಕೊಳ್ಳಿ. ನಮ್ಮ ಮಾವನಿಗೆ ಒಂದೇ ಬದಿ ಎದೆ ಉರಿ, ಹಾರ್ಟ್ ಅಂತ ಓಡಾಡಿದೆವು. ಕೆಲವು ದಿನ ಬಿಟ್ಟು ಬೊಕ್ಕೆ ಎದ್ದವು, ಸರ್ಪಸುತ್ತು. ಬೊಕ್ಕೆ ಎದ್ದ ಮೂರು ದಿನದೊಳಗೆ ಮಾತ್ರೆ ಶುರು ಮಾಡಿದರೆ ಒಳ್ಳೆಯದು.

ಕೇಳಿದವರು

ಎಲ್ಲರಿಗೂ ತುಂಬ ಥ್ಯಾಂಕ್ಸ್. ನರ್ಸ್ ಅಕ್ಕಾ, ಒಂದು ವಿಷಯ. ನೋವು ಶುರುವಾಗುವ ಸ್ವಲ್ಪ ಮುಂಚೆ ನನಗೆ ಜೋರು ಜ್ವರ ಬಂದಿತ್ತು. ಅದನ್ನು ಡಾಕ್ಟರ ಹತ್ತಿರ ಹೇಳಲಿಲ್ಲ. ಹೇಳಬೇಕಿತ್ತಾ?

ಸುರತ್ಕಲ್‌ನಿಂದ, ನರ್ಸ್

ಹೇಳಲೇಬೇಕು ತಮ್ಮಾ. ವೈರಲ್ ಜ್ವರದ ನಂತರ ಕೆಲವರಿಗೆ ಹೃದಯದ ಸ್ನಾಯು ಅಥವಾ ಅದರ ಹೊರಪದರ ಊದಿಕೊಳ್ಳುತ್ತದೆ. ಎಲ್ಲರಿಗೂ ಆಗುವುದಿಲ್ಲ, ನಿನ್ನ ಎಕೋ ನಾರ್ಮಲ್ ಇರುವುದು ಒಳ್ಳೆಯ ಲಕ್ಷಣ. ಆದರೆ ಮಲಗಿದಾಗ ನೋವು ಜಾಸ್ತಿಯಾಗಿ, ಮುಂದಕ್ಕೆ ಬಾಗಿ ಕೂತರೆ ಕಡಿಮೆ ಆಗುತ್ತದಾ ನೋಡು, ಆಗುತ್ತಿದ್ದರೆ ಅದನ್ನೂ ಹೇಳು. ನಾಳೆಯೇ ಅದೇ ಡಾಕ್ಟರ ಹತ್ತಿರ ಹೋಗು, ಊರೆಲ್ಲ ಡಾಕ್ಟರು ಬದಲಿಸುವುದು ಬೇಡ. ಅವರು ಹೂಂ ಅನ್ನುವವರೆಗೆ ಓಟ, ಜಿಮ್ಮು, ಶಟಲ್ ಬೇಡ. ಹಳೆಯ ಇಸಿಜಿ ಕಾಗದದ ಫೋಟೊ ಈಗಲೇ ತೆಗೆದಿಟ್ಟುಕೋ, ಆ ಕಾಗದದ ಗೆರೆ ದಿನ ಹೋದ ಹಾಗೆ ಮಾಸುತ್ತದೆ. ಹೊಸದರ ಪಕ್ಕ ಇಟ್ಟು ನೋಡಲು ಅವರಿಗೆ ಅದು ಬೇಕಾಗುತ್ತದೆ.