ಕೂರಿಸುವ ಮೊದಲು ಮೈಗೆ ಕೆಲಸ ಕೊಡಿ

ಪ್ರಶ್ನೆ: ಮೇಡಂ, ನನ್ನ ಮಗನಿಗೆ ನಾಲ್ಕೂವರೆ ವರ್ಷ. ಎದ್ದಾಗಿನಿಂದ ಸೋಫಾ ಮೇಲಿಂದ ಧುಮುಕುತ್ತಾನೆ, ಗೋಡೆಗೆ ಡಿಕ್ಕಿ ಹೊಡೆಯುತ್ತಾನೆ, ಅಂಗಿಯ ಕಾಲರ್ ಅಗಿಯುತ್ತಾನೆ. ಬಣ್ಣ ಹಚ್ಚೋಕೆ ಕೂರಿಸಿದರೆ ಎರಡು ನಿಮಿಷಕ್ಕೇ ಓಟ. ಸುಸ್ತಾಗಲಿ ಅಂತ ಅವರಪ್ಪ ಸಂಜೆ ಎತ್ತಿಕೊಂಡು ಗಿರಗಿರ ತಿರುಗಿಸುತ್ತಾರೆ. ಆಮೇಲಂತೂ ಹಿಡಿಯೋಕೇ ಆಗಲ್ಲ. ಬೈದು ಬೈದು ನನಗೇ ಬೇಜಾರಾಗಿದೆ.

ಉತ್ತರ (ಆಕ್ಯುಪೇಷನಲ್ ಥೆರಪಿಸ್ಟ್, ಅಂದರೆ ದಿನನಿತ್ಯದ ಕೆಲಸ, ಆಟ, ಕಲಿಕೆಗೆ ನೆರವಾಗುವ ಚಿಕಿತ್ಸಕಿ): ನಿಮ್ಮನ್ನು ಗೋಳುಹೊಯ್ದುಕೊಳ್ಳಲು ಅವನು ಹೀಗೆ ಮಾಡುತ್ತಿಲ್ಲ. ನಮ್ಮ ಸ್ನಾಯು, ಕೀಲುಗಳು ಮೈ ಎಲ್ಲಿದೆ, ಎಷ್ಟು ಬಲ ಬೀಳುತ್ತಿದೆ ಅಂತ ಮಿದುಳಿಗೆ ಹೇಳುತ್ತಲೇ ಇರುತ್ತವೆ. ಅಲುಗಾಟ, ಸಮತೋಲದ ಸುದ್ದಿ ಒಳಕಿವಿಯಿಂದ ಹೋಗುತ್ತದೆ. ಕೆಲವು ಮಕ್ಕಳು ಇದನ್ನು ಬೇರೆಯವರಿಗಿಂತ ಜಾಸ್ತಿ ಹುಡುಕುತ್ತಾರೆ. ಧುಮುಕುವುದು, ಗುದ್ದುವುದು, ಅಗಿಯುವುದು ಎಲ್ಲ ಅದೇ ಹುಡುಕಾಟ.

ಗಿರಗಿರ ತಿರುಗಿಸುವುದನ್ನು ಸದ್ಯಕ್ಕೆ ಬಿಡಿ. ಜೋರಾಗಿ ತಿರುಗಿದರೆ ಎಷ್ಟೋ ಮಕ್ಕಳು ಇನ್ನಷ್ಟು ಕೆರಳುತ್ತಾರೆ. ಬೇಕಾದ್ದು ಬಲ ಹಾಕುವ ಕೆಲಸ. ಬಟ್ಟೆ ತುಂಬಿದ ಬುಟ್ಟಿಯನ್ನು ತಳ್ಳಲಿ. ಕರಡಿಯ ಹಾಗೆ ಕೈ ಊರಿ ನಡೆಯಲಿ. ಎರಡೂ ಅಂಗೈ ಇಟ್ಟು "ಗೋಡೆ ಸರಿಸೋಣ ಬಾ" ಅಂತ ನೀವೂ ತಳ್ಳಿ, ಅವನಿಗೆ ಖುಷಿಯಾಗುತ್ತದೆ. ಉಯ್ಯಾಲೆ ಆದರೆ ನಿಧಾನಕ್ಕೆ, ಹಿಂದೆ ಮುಂದೆ.

ಮುಖ್ಯವಾದದ್ದು ಹೊತ್ತು. ಅವನು ಕೂರದೆ ಓಡಿದ ಮೇಲೆ ಇದನ್ನು ಮಾಡಿಸಬೇಡಿ. ಕೂರಿಸುವ ಹತ್ತು ನಿಮಿಷ ಮೊದಲೇ ಮಾಡಿಸಿ. ಆಮೇಲೆ "ಈ ಒಂದು ಹಾಳೆ ಮುಗಿಸೋಣ, ಮತ್ತೆ ಬುಟ್ಟಿ ತಳ್ಳೋಣ" ಎನ್ನಿ. ಕೂತೇ ಬಣ್ಣ ಹಚ್ಚಬೇಕು ಅಂತೇನಿಲ್ಲ. ನಿಂತುಕೊಂಡು ಹಚ್ಚಲಿ, ಬೋರಲು ಮಲಗಿ ಹಚ್ಚಲಿ.

ಇನ್ನೊಬ್ಬ ತಾಯಿ: ನನ್ನ ಮಗಳೂ ಹೀಗೇ. ಇದು ಎಡಿಎಚ್‌ಡಿನಾ ಮೇಡಂ, ಅದೇ ಗಮನ ನಿಲ್ಲದ, ಅತಿಯಾಗಿ ಓಡಾಡುವ ತೊಂದರೆ? ಭಾರದ ಜಾಕೆಟ್ ಹಾಕಿದರೆ ಗಮನ ಬರುತ್ತೆ ಅಂತಾರಲ್ಲ?

ಉತ್ತರ: ಜಾಕೆಟ್‌ಗೆ ದುಡ್ಡು ಹಾಕಬೇಡಿ. ಅದರಿಂದ ಗಮನ ಹೆಚ್ಚುತ್ತದೆ ಅನ್ನಲು ಗಟ್ಟಿ ಆಧಾರವಿಲ್ಲ. ಓಡಾಟ ಜಾಸ್ತಿ ಅಂದ ಮಾತ್ರಕ್ಕೆ ಎಡಿಎಚ್‌ಡಿ ಅಲ್ಲ. ಮನೆ, ಶಾಲೆ ಎರಡೂ ಕಡೆ ತಿಂಗಳುಗಟ್ಟಲೆ ಕಷ್ಟವಾಗುತ್ತಿದ್ದರೆ ಮಕ್ಕಳ ವೈದ್ಯರಿಗೆ ತೋರಿಸಿ. ಮಾತು ತಡವಾಗಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ, ಪೆಟ್ಟು ಮಾಡಿಕೊಳ್ಳುತ್ತಿದ್ದರೆ ಕಾಯಲೇಬೇಡಿ. ಎಡಿಎಚ್‌ಡಿ ಅಂತಲೇ ಆದರೂ ಈ ವಯಸ್ಸಿಗೆ ಸಾಮಾನ್ಯವಾಗಿ ಮೊದಲ ಹೆಜ್ಜೆ ಮಾತ್ರೆಯಲ್ಲ, ಅಪ್ಪ ಅಮ್ಮನಿಗೆ ತರಬೇತಿ.

ನಿದ್ದೆಯನ್ನೂ ನೋಡಿ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ 3–4 ವರ್ಷದವರಿಗೆ ಹೇಳಿದ್ದು ದಿನಕ್ಕೆ 10ರಿಂದ 13 ಗಂಟೆ ನಿದ್ದೆ, ಕನಿಷ್ಠ 180 ನಿಮಿಷ ಓಡಾಟ, ಸ್ಕ್ರೀನ್ 1 ಗಂಟೆಯೊಳಗೆ. ಮೂರು ಗಂಟೆ ಓಡಾಟ! ಎಷ್ಟು ಮಕ್ಕಳಿಗೆ ಅಷ್ಟು ಸಿಗುತ್ತೆ ಹೇಳಿ?

ಮೊದಲು ಕೇಳಿದವರು: ಮೇಡಂ, ನಾಲ್ಕು ದಿನದಿಂದ ಗೋಡೆ ತಳ್ಳುತ್ತಿದ್ದೇವೆ. ನಿನ್ನೆ ಒಂದು ಇಡೀ ಆನೆಗೆ ಬಣ್ಣ ಹಚ್ಚಿದ! ಆದರೆ ಶಾಲೆಯಲ್ಲಿ ಕೂರಲ್ಲ ಅಂತ ಆಟದ ಹೊತ್ತಲ್ಲಿ ಒಳಗೇ ಕೂರಿಸುತ್ತಾರಂತೆ.

ಉತ್ತರ: ಆನೆ ವಿಷಯ ಕೇಳಿ ತುಂಬ ಸಂತೋಷವಾಯಿತು. ನಾಳೆಯೇ ಟೀಚರ್ ಹತ್ತಿರ ಮಾತಾಡಿ. ಪುಸ್ತಕದ ಕಟ್ಟು ಹೊರುವುದು, ಕುರ್ಚಿ ಸರಿಸುವುದು ಅವನ ಕೆಲಸವಾಗಲಿ. ಆಟದ ಬಿಡುವು ಬೇರೆ ಮಕ್ಕಳಿಗಿಂತ ಅವನಿಗೇ ಜಾಸ್ತಿ ಬೇಕು, ಶಿಕ್ಷೆ ಅಂತ ಅದನ್ನು ಕಿತ್ತುಕೊಳ್ಳಬೇಡಿ ಅಂತ ಕೇಳಿಕೊಳ್ಳಿ. ಒಪ್ಪದಿದ್ದರೆ ನಾನು ಒಂದು ಪತ್ರ ಬರೆದುಕೊಡುತ್ತೇನೆ.