ಬಾಳೆಲೆಯ ಸುರುಳಿಯಿಂದ ಕೆಂಪು ಕಣ್ಣಿನದ್ದು ಹೊರಬಂತು. ಇದು ಚಿಟ್ಟೆಯಾ, ಪತಂಗವಾ?

ಪೆರ್ಲದವಳು:

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಕಾಸರಗೋಡಿನ ಪೆರ್ಲದ ಹತ್ತಿರ. ಅಡಿಕೆ ತೋಟದ ನಡುವೆ ನೂರೈವತ್ತು ಬಾಳೆ ಇದೆ. ಜಾಸ್ತಿ ಕದಳಿ, ಸ್ವಲ್ಪ ನೇಂದ್ರ. ಕಳೆದ ತಿಂಗಳು ಮಾವನವರ ತಿಥಿಗೆ ಕೊಡಿ ಎಲೆ ಕೊಯ್ಯಲು ಹೋದರೆ, ಸರಿಯಾದ ಒಂದು ಎಲೆಗೆ ಹತ್ತು ಬಾಳೆ ಸುತ್ತಬೇಕಾಯಿತು. ಅಂಚಿನಿಂದ ನಡುದಂಟಿನ ಕಡೆಗೆ ಕತ್ತರಿ ಹಾಕಿದ ಹಾಗೆ ಸೀಳಿ, ಆ ತುಂಡನ್ನು ಬೀಡಿ ಕಟ್ಟಿದ ಹಾಗೆ ಬಿಗಿಯಾಗಿ ಸುತ್ತಿಟ್ಟಿದೆ. ಒಂದೊಂದು ಎಲೆಯಲ್ಲಿ ನಾಲ್ಕೈದು ಬೀಡಿ!

ಒಂದನ್ನು ಬಿಚ್ಚಿದೆ. ಒಳಗೆ ಬೆರಳಿನಷ್ಟು ಉದ್ದದ ಹುಳು. ಮೈಗೆಲ್ಲ ಅಕ್ಕಿಹಿಟ್ಟು ಹಚ್ಚಿದ ಹಾಗೆ ಬಿಳಿ ಪುಡಿ. ತಲೆ ಮಾತ್ರ ಕಪ್ಪು ಗುಂಡು, ಅದರ ಹಿಂದೆ ಸಪೂರ ಕುತ್ತಿಗೆ. ಪುಡಿ ಬೆರಳಿಗೆ ಅಂಟಿತು, ಅಡಿಯಲ್ಲಿ ತಿಳಿಹಸಿರು ಮೈ ಕಂಡಿತು. ಏಳನೇ ಕ್ಲಾಸಿನ ಮಗಳು ಕೊಲ್ಲಲು ಬಿಡಲಿಲ್ಲ. ಗಾಜಿನ ಭರಣಿಗೆ ಹಾಕಿ, ಬಾಯಿಗೆ ಹಳೇ ಪಂಚೆಯ ತುಂಡು ಕಟ್ಟಿ, ದಿನಾ ಹೊಸ ಎಲೆ ಕೊಟ್ಟಳು. ಅದು ಸುರುಳಿಯೊಳಗೇ ಕೋಶವಾಯಿತು. ಹನ್ನೊಂದನೇ ದಿನ, ದೀಪ ಹಚ್ಚುವ ಹೊತ್ತಿಗೆ ಹೊರಬಂತು. ಕಂದು ಬಣ್ಣ, ದಪ್ಪ ಮೈ, ಮುಂದಿನ ರೆಕ್ಕೆಯಲ್ಲಿ ಬೆಳಕು ತೂರುವ ಮೂರು ಹಳದಿ ಕಿಟಕಿಗಳು. ಕಣ್ಣು ಮಾತ್ರ ದಾಳಿಂಬೆ ಬೀಜದಂಥ ಕೆಂಪು.

ಮಗಳು ಚಿಟ್ಟೆ ಅನ್ನುತ್ತಾಳೆ. ಮೈದುನ ಪತಂಗ ಅನ್ನುತ್ತಾರೆ. ಮೈ ದಪ್ಪ, ಬಣ್ಣ ಮಂಕು, ಸಂಜೆ ಹಾರುತ್ತದೆ, ದೀಪಕ್ಕೆ ಬರುತ್ತದೆ ಅಂತ. ಯಾರದ್ದು ಸರಿ? ಇನ್ನೊಂದು ಕೇಳುವುದಿದೆ. ಬಾಳೆಗೆ ಔಷಧಿ ಹೊಡೆಯೋಣ ಅಂತ ಮೈದುನ ಹೇಳುತ್ತಿದ್ದಾರೆ. ನನಗೆ ಮನಸ್ಸಿಲ್ಲ. ಆ ಎಲೆಯಲ್ಲೇ ಅಲ್ವಾ ನಾವು ಉಣ್ಣುವುದು?

ಬೋವಿಕ್ಕಾನದ ಮಾಷ್ಟ್ರು:

ತಂಗೀ, ನಿಮ್ಮ ಮಗಳು ಹೇಳಿದ್ದೇ ಸರಿ. ಅದು ಚಿಟ್ಟೆ. ಸ್ಕಿಪ್ಪರ್ ಎಂಬ ಗುಂಪಿನದ್ದು, ಕುಟುಂಬದ ಹೆಸರು ಹೆಸ್ಪೆರಿಡೇ. ಮಲಯಾಳದಲ್ಲಿ ಇವನ್ನು ತುಳ್ಳನ್ ಅನ್ನುತ್ತಾರೆ. ತುಳ್ಳುವುದು ಅಂದರೆ ಕುಪ್ಪಳಿಸುವುದು. ಹಾರುವುದನ್ನು ನೋಡಿದವರಿಗೆ ಹೆಸರಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಇಲ್ಲಿದ್ದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ ಅಲ್ಲಿ. ಇಡೀ ಪ್ರಪಂಚದಲ್ಲಿ 3,500ಕ್ಕೂ ಹೆಚ್ಚು ಜಾತಿಗಳಿವೆ. ನಮ್ಮ ಪಶ್ಚಿಮ ಘಟ್ಟದಲ್ಲೇ ಸುಮಾರು 80.

ನಿಮ್ಮದು ಎರಿಯೊನೋಟಾ ಟೋರಸ್ ಇರಬೇಕು, ಬಾಳೆಯ ಸ್ಕಿಪ್ಪರ್. ಇದರ ಹತ್ತಿರದ ಹೋಲಿಕೆಯದ್ದು ಗಂಗಾರಾ ಥೈರ್ಸಿಸ್, ಜೈಂಟ್ ರೆಡ್‌ಐ. ಅದಕ್ಕೂ ಕಣ್ಣು ಕೆಂಪು, ಅದಕ್ಕೂ ಹಳದಿ ಕಿಟಕಿಗಳು. ಆದರೆ ಅದರ ಮುಂದಿನ ರೆಕ್ಕೆಯ ತುದಿಯ ಹತ್ತಿರ ಇನ್ನೂ ಕೆಲವು ಪುಟ್ಟ ಚುಕ್ಕೆಗಳಿರುತ್ತವೆ, ನಿಮ್ಮದರಲ್ಲಿ ಇಲ್ಲ. ಹುಳುವಿನಲ್ಲಿ ವ್ಯತ್ಯಾಸ ಇನ್ನೂ ಸ್ಪಷ್ಟ. ಗಂಗಾರಾ ಹುಳು ಹೆಚ್ಚಾಗಿ ತೆಂಗು, ಅಡಿಕೆಯಂಥ ಮರಗಳ ಗರಿಯಲ್ಲಿರುತ್ತದೆ. ಅದರ ಮೈಮೇಲೆ ಪುಡಿ ಅಲ್ಲ, ಹಿಂಜಿದ ಹತ್ತಿಯಂಥ ಉದ್ದುದ್ದ ಮೇಣದ ಎಳೆಗಳು. ಮೊದಲ ಸಲ ತೆಂಗಿನ ಗರಿಯಲ್ಲಿ ಕಂಡಾಗ ನಾನು ಬೂಷ್ಟು ಹಿಡಿದು ಸತ್ತ ಹುಳು ಅಂದುಕೊಂಡಿದ್ದೆ. ಕಡ್ಡಿಯಲ್ಲಿ ಮುಟ್ಟಿದರೆ ತಲೆ ಎತ್ತಿತು.

ಈಗ ಚಿಟ್ಟೆ ಹೇಗೆ ಅಂತ. ಇನ್ನೊಂದು ಹೊರಬಂದಾಗ ಮಗಳ ಕೈಗೆ ಭೂತಗನ್ನಡಿ ಕೊಡಿ, ಮೀಸೆ ನೋಡಲಿ. ಬೇರೆ ಚಿಟ್ಟೆಗಳ ಮೀಸೆ ಬೆಂಕಿಕಡ್ಡಿಯ ಹಾಗೆ, ತುದಿಯಲ್ಲಿ ಗುಂಡು. ಪತಂಗಗಳಲ್ಲಿ ಹೆಚ್ಚಿನವಕ್ಕೆ ದಾರದ ಹಾಗೆ ಅಥವಾ ಬಾಚಣಿಗೆಯ ಹಾಗೆ. ಸ್ಕಿಪ್ಪರಿನದ್ದು ತುದಿಯಲ್ಲಿ ದಪ್ಪಗಾಗಿ, ಆಮೇಲೆ ಮಾವಿನಕಾಯಿ ಕೊಯ್ಯುವ ದೋಟಿಯ ಕೊಕ್ಕೆಯಂತೆ ಹಿಂದಕ್ಕೆ ಬಾಗಿರುತ್ತದೆ. ಎರಡು ಮೀಸೆಗಳ ಬುಡವೂ ದೂರ ದೂರ, ಯಾಕೆಂದರೆ ತಲೆಯೇ ಅಗಲ. ರೆಕ್ಕೆಯ ನರಗಳೂ ಗುರುತು ಹೇಳುತ್ತವೆ. ಮುಂದಿನ ರೆಕ್ಕೆಯ ನರಗಳೆಲ್ಲ ಬುಡದಿಂದಲೋ ನಡುವಿನ ಕೋಣೆಯಿಂದಲೋ ಒಂಟಿಯಾಗಿ ಹೊರಟು ಎಲ್ಲೂ ಕವಲೊಡೆಯದೆ ಅಂಚಿಗೆ ಮುಟ್ಟುತ್ತವೆ.

ದೀಪಕ್ಕೆ ಬಂದದ್ದೆಲ್ಲ ಪತಂಗ ಅಲ್ಲ. ನಿಮ್ಮದು ಮುಸ್ಸಂಜೆಯ ಚಿಟ್ಟೆ. ಸ್ಕಿಪ್ಪರುಗಳ ಕಣ್ಣಿನ ರಚನೆಯೇ ಬೇರೆ. ಬೇರೆ ಚಿಟ್ಟೆಗಳ ಕಣ್ಣಿನಲ್ಲಿ ಒಂದೊಂದು ಮಸೂರವೂ ತನ್ನ ಕೆಳಗಿನ ಕೋಶಗಳಿಗೆ ಮಾತ್ರ ಬೆಳಕು ಕೊಡುತ್ತದೆ. ಇವುಗಳಲ್ಲಿ ಹಲವು ಮಸೂರಗಳ ಬೆಳಕು ಒಂದೇ ಜಾಗಕ್ಕೆ ಸೇರುತ್ತದೆ. ರಾತ್ರಿ ಹಾರುವ ಪತಂಗಗಳ ಕಣ್ಣಿನಲ್ಲೂ ಇಂಥದ್ದೇ ಏರ್ಪಾಡು. ನಿಮ್ಮ ಮೈದುನನಿಗೆ ಪತಂಗದ ಹೋಲಿಕೆ ಕಂಡದ್ದರಲ್ಲಿ ತಪ್ಪೇನಿಲ್ಲ. ಆಸ್ಟ್ರೇಲಿಯಾದಲ್ಲಿ ರೀಜೆಂಟ್ ಸ್ಕಿಪ್ಪರ್ ಅಂತ ಒಂದಿದೆ. ಅದರ ಗಂಡಿನಲ್ಲಿ ಮುಂದಿನ ಮತ್ತು ಹಿಂದಿನ ರೆಕ್ಕೆಗಳನ್ನು ಸಿಕ್ಕಿಸುವ ಕೊಂಡಿ ಇದೆ, ಥೇಟ್ ಪತಂಗದ ಹಾಗೆ.

ನನಗೆ ಇವುಗಳ ಮೇಲೆ ಪ್ರೀತಿ ಹುಟ್ಟಿದ್ದು ಅರಿಸಿನದ ಗಿಡದಿಂದ. ನಾಗರ ಪಂಚಮಿಗೆ ಅರಿಸಿನ ಎಲೆಯ ಗಟ್ಟಿ ಮಾಡಲು ಎಲೆ ಕೊಯ್ದು ತಂದಿದ್ದೆ. ಒಂದು ಎಲೆಯ ಅಂಚು ಮಡಚಿಕೊಂಡಿತ್ತು. ಬಿಡಿಸಿದರೆ ಗಾಜಿನಂಥ ಹಸಿರು ಹುಳು. ಗ್ರಾಸ್ ಡೀಮನ್ ಎಂಬ ಸ್ಕಿಪ್ಪರಿನ ಮರಿ. ಕಿಟಕಿಯ ಬೆಳಕಿಗೆ ಹಿಡಿದೆ. ಬೆನ್ನಿನ ಉದ್ದಕ್ಕೂ ಒಂದು ನಾಳ ಮಿಡಿಯುತ್ತಿತ್ತು, ಬಾಲದ ಕಡೆಯಿಂದ ತಲೆಯ ಕಡೆಗೆ, ಅಲೆ ಅಲೆಯಾಗಿ. ಅದೇ ಅದರ ಹೃದಯ. ಒಲೆಯ ಮೇಲೆ ನೀರು ಕುದಿಯುತ್ತಿದೆ, ಹೆಂಡತಿ ಕರೆಯುತ್ತಿದ್ದಾಳೆ, ನಾನು ಅಲ್ಲೇ ನಿಂತಿದ್ದೆ. ಮರುದಿನ ಎಲೆ ಸಮೇತ ಶಾಲೆಗೆ ಒಯ್ದೆ. ಮೂವತ್ತೆಂಟು ಮಕ್ಕಳು ಸಾಲಾಗಿ ಬಂದು ನೋಡಿದರು. ರಕ್ತ ಪರಿಚಲನೆಯ ಪಾಠ ನಾನು ಅಷ್ಟು ಚೆನ್ನಾಗಿ ಇನ್ಯಾವತ್ತೂ ಮಾಡಿಲ್ಲ.

ಭರಣಿಯಲ್ಲಿ ಹುಳು ಸಾಕುವಾಗ ಟಕ್ ಟಕ್ ಸದ್ದು ಕೇಳಿಸಿತ್ತಾ? ಹಲವು ಸ್ಕಿಪ್ಪರ್ ಹುಳುಗಳು ಹಿಕ್ಕೆಯನ್ನು ಸುಮ್ನೆ ಕೆಳಗೆ ಬೀಳಿಸುವುದಿಲ್ಲ, ಕವಣೆ ಕಲ್ಲಿನ ಹಾಗೆ ಎಸೆಯುತ್ತವೆ. ಅಮೆರಿಕದ ಸಿಲ್ವರ್ ಸ್ಪಾಟೆಡ್ ಸ್ಕಿಪ್ಪರ್ ಹುಳು ತನ್ನ ಉದ್ದದ 40 ಪಟ್ಟು ದೂರಕ್ಕೆ ಎಸೆಯಬಲ್ಲದು. ಮಾರ್ಥಾ ವೈಸ್ ಎಂಬ ವಿಜ್ಞಾನಿ 2003ರಲ್ಲಿ ಇದರ ಕಾರಣ ತೋರಿಸಿದರು. ಹಿಕ್ಕೆಯ ವಾಸನೆ ಹಿಡಿದು ಕಣಜ ಹುಡುಕಿಕೊಂಡು ಬರುತ್ತದೆ. ಮನೆ ಶುಚಿಯಾಗಿದ್ದರೆ ಜೀವ ಉಳಿಯಿತು.

ಹುಳುವಿನಿಂದ ಚಿಟ್ಟೆಯ ತನಕ ಸಾಕಿ ನೋಡುವ ಕೆಲಸ ನಮ್ಮ ಕರಾವಳಿಗೆ ಹೊಸತಲ್ಲ. ಕಾರವಾರದಲ್ಲಿದ್ದ ಅರಣ್ಯಾಧಿಕಾರಿ ಟಿ. ಆರ್. ಬೆಲ್ ಅದನ್ನೇ ಜೀವಮಾನವಿಡೀ ಮಾಡಿದರು. ಯಾವ ಚಿಟ್ಟೆಯ ಹುಳು ಯಾವ ಗಿಡ ತಿನ್ನುತ್ತದೆ ಅಂತ ಒಂದೊಂದೇ ಸಾಕಿ ಬರೆದಿಟ್ಟರು. ನಿವೃತ್ತಿಯಾದ ಮೇಲೂ ಊರು ಬಿಡದೆ 1948ರಲ್ಲಿ ಅಲ್ಲೇ ತೀರಿಕೊಂಡರು. ನಿಮ್ಮ ಮಗಳ ಭರಣಿಯೂ ಅದೇ ದಾರಿಯದ್ದು. ಅವಳಿಗೆ ಒಂದು ನೋಟ್‌ಬುಕ್ ಕೊಡಿಸಿ, ತಾರೀಕು ಹಾಕಿ ಬರೆಯಲಿ.

ಮಂಜೇಶ್ವರ ಪಾರೆ:

ಮಾಷ್ಟ್ರೇ, ಆ ಅರಿಸಿನ ಎಲೆಯ ಹುಳು ನಾನೂ ನೋಡಿದ್ದೇನೆ, ಹೃದಯ ಮಾತ್ರ ಗಮನಿಸಿರಲಿಲ್ಲ. ಈ ಮಳೆಗಾಲ ಖಂಡಿತ ನೋಡುತ್ತೇನೆ.

ವರ್ಗೀಕರಣದ ಬಗ್ಗೆ ಒಂದು ಮಾತು ಸೇರಿಸುತ್ತೇನೆ ಅಕ್ಕ, ಯಾಕೆಂದರೆ ನಿಮ್ಮ ಮನೆಯ ಜಗಳ ವಿಜ್ಞಾನಿಗಳಲ್ಲೂ ಬಹಳ ಕಾಲ ಇತ್ತು. ಹಳೆಯ ಪುಸ್ತಕಗಳಲ್ಲಿ "ನಿಜವಾದ ಚಿಟ್ಟೆಗಳು" ಒಂದು ಮಹಾಕುಟುಂಬ, ಸ್ಕಿಪ್ಪರುಗಳು ಇನ್ನೊಂದು. ಮನೆಯ ಹೊರಗಿನ ಜಗಲಿಯಲ್ಲಿ ಕೂರಿಸಿದ ಹಾಗೆ. ಡಿಎನ್‌ಎ ಹೋಲಿಸಿ ವಂಶವೃಕ್ಷ ಬರೆದ ಮೇಲೆ ಚಿತ್ರ ಬದಲಾಯಿತು. ಬುಡದಲ್ಲಿ ಮೊದಲು ಕವಲೊಡೆದದ್ದು ಸ್ಕಿಪ್ಪರ್ ಅಲ್ಲ, ಬಾಲದ ಚಿಟ್ಟೆಗಳ ಕುಟುಂಬ ಪ್ಯಾಪಿಲಿಯೋನಿಡೇ. ಸ್ಕಿಪ್ಪರುಗಳು ಅದರ ನಂತರದ ಕವಲಿನಲ್ಲಿ ಬರುತ್ತವೆ. ಇದರ ಅರ್ಥ ನೋಡಿ. 2018ರಲ್ಲಿ ಕೇರಳ ತನ್ನ ರಾಜ್ಯ ಚಿಟ್ಟೆಯಾಗಿ ಆರಿಸಿದ ಬುದ್ಧಮಯೂರಿ ಪ್ಯಾಪಿಲಿಯೋನಿಡೇಗೆ ಸೇರಿದ್ದು. ಬುದ್ಧಮಯೂರಿಯನ್ನು ಚಿಟ್ಟೆ ಅಂತ ಒಪ್ಪಿದರೆ ನಿಮ್ಮ ಬಾಳೆಯ ಸ್ಕಿಪ್ಪರನ್ನೂ ಒಪ್ಪಲೇಬೇಕು. ಸಂಬಂಧದಲ್ಲಿ ಅದು ಬೇರೆ ಚಿಟ್ಟೆಗಳಿಗೆ ಬುದ್ಧಮಯೂರಿಗಿಂತ ಹತ್ತಿರ.

ಇನ್ನೂ ಒಂದಿದೆ. ಮಧ್ಯ ಮತ್ತು ದಕ್ಷಿಣ ಅಮೆರಿಕದಲ್ಲಿ ಹೆಡಿಲಿಡೇ ಎಂಬ ಪುಟ್ಟ ಕುಟುಂಬ. ಹೆಚ್ಚಿನವು ರಾತ್ರಿ ಹಾರುತ್ತವೆ, ಮೀಸೆಯ ತುದಿಯಲ್ಲಿ ಗುಂಡೂ ಇಲ್ಲ. ಎಲ್ಲರೂ ಪತಂಗ ಅಂತಲೇ ಇಟ್ಟಿದ್ದರು. 1986ರಲ್ಲಿ ಮಾಲ್ಕಮ್ ಸ್ಕೋಬಲ್ ಅವನ್ನು ಚಿಟ್ಟೆಗಳ ಸಾಲಿಗೆ ತಂದರು. ಈಗ ಅವು ಸ್ಕಿಪ್ಪರುಗಳ ಹತ್ತಿರದ ನೆಂಟರು. ಪತಂಗ ಅನ್ನುವುದು ಒಂದು ಕುಲವೇ ಅಲ್ಲ. ಆ ದೊಡ್ಡ ಮರದಲ್ಲಿ ಚಿಟ್ಟೆ ಎಂಬ ಒಂದು ಕೊಂಬೆಯನ್ನು ತೆಗೆದಿಟ್ಟು ಉಳಿದದ್ದಕ್ಕೆಲ್ಲ ನಾವು ಇಟ್ಟ ಹೆಸರು.

ನಾನು ವಾರಕ್ಕೊಮ್ಮೆ ಇಲ್ಲಿನ ಮುರಕಲ್ಲು ಪಾರೆಯ ಮೇಲೆ ಚಿಟ್ಟೆ ಎಣಿಸಲು ಹೋಗುತ್ತೇನೆ. ಸ್ಕಿಪ್ಪರ್ ಕೂತ ಭಂಗಿಯಿಂದಲೇ ಅರ್ಧ ಗುರುತು ಸಿಗುತ್ತದೆ. ಆಲ್ ಅನ್ನುವವು ರೆಕ್ಕೆ ಪೂರ್ತಿ ಮುಚ್ಚಿ, ಎಲೆಯ ಅಡಿಯಲ್ಲಿ ಕೂರುತ್ತವೆ. ಹೊಂಗೆ ಮರ ಚಿಗುರುವಾಗ ಅದರ ಸುತ್ತ ಬಾಣದ ಹಾಗೆ ಸುತ್ತುವುದು ಈ ಗುಂಪಿನ ಕಾಮನ್ ಬ್ಯಾಂಡೆಡ್ ಆಲ್. ಫ್ಲ್ಯಾಟ್ ಅನ್ನುವವು ಹೆಸರಿನ ಹಾಗೆ ರೆಕ್ಕೆ ಪೂರ್ತಿ ಹರಡಿ ಚಪ್ಪಟೆ. ಹುಲ್ಲಿನ ಸ್ಕಿಪ್ಪರುಗಳದ್ದು ಇನ್ನೂ ಚಂದ. ಬಿಸಿಲು ಕಾಯುವಾಗ ಹಿಂದಿನ ರೆಕ್ಕೆ ಅಡ್ಡಕ್ಕೆ, ಮುಂದಿನದ್ದು ಅರ್ಧ ಎತ್ತಿ, ಹಾರಲು ಹೊರಟ ಜೆಟ್ ವಿಮಾನದ ಹಾಗೆ. ಜೂನ್‌ನಿಂದ ಪಾರೆಯ ಹುಲ್ಲಿನಲ್ಲಿ ಉಗುರಿನಷ್ಟೇ ದೊಡ್ಡ ಚೆಸ್ಟ್‌ನಟ್ ಬಾಬ್ ಹೀಗೆ ಕೂತಿರುತ್ತದೆ. ಪಾರೆಯನ್ನು ಜನ ಬಂಜರು ಅನ್ನುತ್ತಾರೆ, ಕಲ್ಲಿನ ಕೋರೆಗೆ ಕೊಡುತ್ತಾರೆ. ಅಲ್ಲಿ ಮಳೆಗಾಲದಲ್ಲಿ ಒಂದು ಗಂಟೆ ಮೊಣಕಾಲೂರಿ ಕೂತವರು ಹಾಗೆ ಹೇಳಲಾರರು.

ಮುಳ್ಳೇರಿಯದ ಬಾಳೆ ಕೃಷಿಕ:

ಅಕ್ಕ, ನಾನು ಹೆಸರು ಗಿಸರು ಗೊತ್ತಿಲ್ಲದವ, ಹುಳು ಮಾತ್ರ ಚೆನ್ನಾಗಿ ಗೊತ್ತು. ಔಷಧಿ ಬೇಡ. ಒಂದನೆಯದಾಗಿ ಅದು ಸುರುಳಿಯ ಒಳಗೆ ಹೋಗುವುದಿಲ್ಲ. ಹೋದರೂ ಆ ಬಿಳಿ ಪುಡಿ ಮೇಣದ್ದು, ನೀರು ನಿಲ್ಲುವುದಿಲ್ಲ. ಇಷ್ಟು ಮಳೆಯಲ್ಲಿ ಸುರುಳಿಗೆ ನೀರು ನುಗ್ಗಿದರೂ ಹುಳು ಬದುಕುವುದು ಅದರಿಂದಲೇ. ಸಾಯುವುದು ಹೊರಗಿರುವ ಕಣಜ, ಜೇಡ.

ಬೆಳಿಗ್ಗೆ ದೋಟಿ ಹಿಡಿದು ಸುರುಳಿಗಳನ್ನು ಕೊಯ್ಯಿರಿ. ಸುಡಬೇಡಿ, ಹೂಳಬೇಡಿ. ಒಂದು ಡ್ರಮ್ಮಿಗೆ ಹಾಕಿ ಸೊಳ್ಳೆಪರದೆ ಕಟ್ಟಿ. ಹುಳುವಿನ ಒಳಗೆ ಮೊಟ್ಟೆಯಿಡುವ ಸಣ್ಣ ಕಣಜಗಳಿವೆ. ಅವು ಪರದೆಯ ಕಣ್ಣಿನಿಂದ ಹೊರಗೆ ಹೋಗಿ ಮತ್ತೆ ತೋಟಕ್ಕೇ ಸೇರುತ್ತವೆ. ಚಿಟ್ಟೆ ಒಳಗೇ ಉಳಿಯುತ್ತದೆ. ಎಲೆಯ ಅಡಿಯಲ್ಲಿ ಗುಂಪಾಗಿ ಸಣ್ಣ ಮೊಟ್ಟೆ ಸಿಗುತ್ತದೆ, ಮೊದಲು ಹಳದಿ, ಆಮೇಲೆ ಕೆಂಪು. ಅಷ್ಟು ತುಂಡು ಎಲೆಯನ್ನೂ ಡ್ರಮ್ಮಿಗೇ ಹಾಕಿ. ಮೊಟ್ಟೆಯೊಳಗೂ ಕಣಜ ಇರುತ್ತದೆ. ಎರಡು ವರ್ಷದ ಹಿಂದೆ ನನ್ನ ತೋಟದಲ್ಲಿ ದಂಟು ಮಾತ್ರ ಉಳಿದ ಬಾಳೆಗಳಿದ್ದವು. ವಾರಕ್ಕೆರಡು ಸಲ ಹೀಗೆ ಮಾಡಿ, ಮರುವರ್ಷ ಬಹಳ ಕಡಿಮೆಯಾಯಿತು. ಬಾಳೆಗೆ ನಾಲ್ಕೈದು ಸುರುಳಿ ಇದ್ದರೆ ಗೊನೆಗೆ ಏನೂ ಆಗುವುದಿಲ್ಲ, ಎಲೆ ಮಾರುವವರಿಗೆ ಮಾತ್ರ ನಷ್ಟ.

ನಾನು ಶಾಲೆಗೆ ಹೋಗುವ ಕಾಲದಲ್ಲಿ ಗೇರು ಗುಡ್ಡೆಯ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿಯುತ್ತಿದ್ದರು. ಬಾವಿಗೆ ಓಲೆ ಮುಚ್ಚುತ್ತಿದ್ದೆವು. ನಿಮ್ಮ ಮೈದುನನಿಗೆ ನೆನಪಿರಬೇಕು, ಕೇಳಿ ನೋಡಿ.

ಪೆರ್ಲದವಳು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಮೈದುನ ಹೆಲಿಕಾಪ್ಟರಿನ ಮಾತು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರೇ ಅಟ್ಟದಿಂದ ಡ್ರಮ್ ಇಳಿಸಿದರು. ಮೊದಲ ದಿನ 31 ಸುರುಳಿ ಸಿಕ್ಕಿತು.

ಮಗಳು ಒಂದು ಹುಳುವಿನ ಮೇಲೆ ಚಮಚದಲ್ಲಿ ನೀರು ಬಿಟ್ಟಳು. ಕೆಸುವಿನ ಎಲೆಯ ಮೇಲಿನ ಹಾಗೆ ಮುತ್ತಾಗಿ ಉರುಳಿ ಬಿತ್ತು, ಪುಡಿ ಒದ್ದೆಯೇ ಆಗಲಿಲ್ಲ. ಟಕ್ ಸದ್ದಿಗೆ ಕಿವಿಗೊಟ್ಟು ಕೂತಿದ್ದಾಳೆ, ಇನ್ನೂ ಕೇಳಿಸಿಲ್ಲವಂತೆ.

ಮೊನ್ನೆ ಒಂದು ಸುರುಳಿ ಬಿಚ್ಚಿದರೆ ಹುಳು ಬಾಡಿ ಬಿದ್ದಿತ್ತು. ಸುತ್ತ ನುಚ್ಚಕ್ಕಿಯಂಥ ಬಿಳಿ ಗೂಡುಗಳು, ಮಗಳು ಎಣಿಸಿದ್ದು 43. ಅದನ್ನು ಬೇರೆ ಬಾಟ್ಲಿಗೆ ಹಾಕಿ ಪರದೆ ಕಟ್ಟಿದೆವು. ಇವತ್ತು ಬೆಳಿಗ್ಗೆ ಎಳ್ಳಿಗಿಂತ ಸಣ್ಣ ಕಪ್ಪು ಕಣಜಗಳು ಒಂದೊಂದೇ ಪರದೆಯ ಕಣ್ಣಿನಿಂದ ಹೊರಗೆ ನಡೆದು, ಮೀಸೆ ಒರೆಸಿಕೊಂಡು, ಹಾರಿಹೋದವು. ಅತ್ತೆಯೂ ಕನ್ನಡಕ ಹಾಕಿಕೊಂಡು ಬಂದು ನೋಡಿದರು.

ಭರಣಿಯಲ್ಲಿ ಇನ್ನೊಂದು ಚಿಟ್ಟೆ ಹೊರಬಂದಿದೆ. ಭೂತಗನ್ನಡಿಯಲ್ಲಿ ನೋಡಿದೆವು ಮಾಷ್ಟ್ರೇ, ಮೀಸೆಯ ತುದಿಯಲ್ಲಿ ದೋಟಿಯ ಕೊಕ್ಕೆ ಹಾಗೇ ಇದೆ. ಈ ಒಂದನ್ನು ಬಿಡಬೇಕು ಅಂತ ಮಗಳ ಹಟ. ಮೈದುನನೂ ಒಪ್ಪಿದರು. ಏಳು ಗಂಟೆಯ ಹೊತ್ತಿಗೆ ಪಂಚೆಯ ತುಂಡು ಬಿಚ್ಚಿದೆವು. ದೀಪಕ್ಕೆ ಬರಲಿಲ್ಲ. ನೇರ ಬಾವಿಕಟ್ಟೆಯ ಪಕ್ಕದ ಕದಳಿಯ ಪೂಂಬೆಗೆ ಹೋಗಿ ಕೂತಿತು. ಮಗಳು ಟಾರ್ಚಿಗೆ ಬೆರಳು ಅಡ್ಡ ಹಿಡಿದು ಮಂಕು ಬೆಳಕು ಬಿಟ್ಟಳು. ಸುತ್ತಿಟ್ಟ ಸೊಂಡಿಲು ಬಿಚ್ಚುತ್ತಾ ಬಿಚ್ಚುತ್ತಾ ಮೈಗಿಂತ ಉದ್ದವಾಗಿ ಹೂವಿನ ಒಳಗೆ ಇಳಿಯಿತು. ಕಣ್ಣು ಎರಡು ಕೆಂಡದ ಹಾಗೆ ಹೊಳೆಯುತ್ತಿತ್ತು.